ರೆಕ್ಕೆಯ ದಾರ

"ಗುರುಗಳೇ, ಹಣ ಕೊಟ್ಟು ಜನರನ್ನು ಕರೆಸಿದರೆ ತಪ್ಪೇ?"

ಕೇಳಿದವನು ಮಾದಯ್ಯ. ಗುರುಗಳ ಮನೆಯ ಜಗಲಿಯಲ್ಲಿ ವಾರಕ್ಕೊಂದು ಸಂಜೆ ತತ್ವಪದ ಹಾಡುವ ಕೂಟ ಸೇರುತ್ತಿತ್ತು. ಚಾಪೆ ಹಾಸುವುದು, ದೀಪ ಹಚ್ಚುವುದು, ಬಂದವರನ್ನು ಕೂರಿಸುವುದು ಅವನ ಕೆಲಸ. ಆ ಸಂಜೆ ಎಲ್ಲರೂ ಎದ್ದು ಹೋದ ಮೇಲೆ ಅವನು ಗುರುಗಳ ಎದುರು ಕುಳಿತಿದ್ದ.

"ನಮ್ಮ ಕೂಟದ ಜವಳಿ ವರ್ತಕರು ಸಂತೆಯಲ್ಲಿ ಡಂಗುರ ಸಾರಿಸೋಣ ಎನ್ನುತ್ತಾರೆ. ಖರ್ಚನ್ನು ನಾವೆಲ್ಲ ಸೇರಿ ಹಾಕಬೇಕು. ಮೊದಲು ಜಗಲಿ ಸಾಲದೆ ಜನ ಅಂಗಳದಲ್ಲಿ ಕೂರುತ್ತಿದ್ದರು. ಈಗ ಅರ್ಧ ಚಾಪೆಗಳನ್ನು ಬಿಚ್ಚುವುದೇ ಇಲ್ಲ. ಕಳೆದ ವಾರ ಹೊಸಬರೊಬ್ಬರು ಬಂದು ಬಾಗಿಲ ಬಳಿ ಕೂತಿದ್ದರು. ಹೊರಡುವಾಗ ನನ್ನನ್ನು ಏನೋ ಕೇಳಿದರು. ನಾನು ವರ್ತಕರ ಜೊತೆ ಡಂಗುರದ ಮಾತಿನಲ್ಲಿದ್ದೆ. ಈ ವಾರ ಅವರೂ ಇಲ್ಲ. ಹೀಗೇ ಆದರೆ ನಿಮ್ಮ ನಂತರ ಈ ಪದಗಳನ್ನು ಹಾಡುವವರು ಯಾರು?"

ಗುರುಗಳು ತಂಬೂರಿಯನ್ನು ಗೋಡೆಗೆ ಒರಗಿಸಿದರು. ಒಂದು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಪಾಳುಬಿದ್ದ ಕೋಟೆಯಿತ್ತು. ಅದರ ಬುರುಜಿನ ಮೇಲೆ ಕೆಲವರು ಸೇರಿ ಪಾರಿವಾಳ ಸಾಕಿದ್ದರು. ಅದರಿಂದ ಅವರಿಗೆ ಲಾಭವೇನೂ ಇರಲಿಲ್ಲ. ಸಂಜೆ ಕೆಲಸ ಮುಗಿಸಿ ಬರುತ್ತಿದ್ದರು, ಹಕ್ಕಿಗಳನ್ನು ಹಾರಿಬಿಡುತ್ತಿದ್ದರು, ಅವು ತಿರುಗಿ ಬರುವವರೆಗೆ ಆಕಾಶ ನೋಡುತ್ತ ನಿಲ್ಲುತ್ತಿದ್ದರು. ಇಷ್ಟೇ ಅವರ ಸಂತೋಷ.

ಕಾಲ ಕಳೆದಂತೆ ಬರುವವರು ಕಡಿಮೆಯಾದರು. ಕೆಲವರು ತೀರಿಕೊಂಡರು, ಕೆಲವರಿಗೆ ಮೆಟ್ಟಿಲು ಹತ್ತಲು ಆಗದೆ ಹೋಯಿತು. ಕೊನೆಗೆ ಉಳಿದವರು ಒಬ್ಬ ಬಣ್ಣಗಾರ, ಒಬ್ಬ ಗಾಣಿಗ, ಇನ್ನಿಬ್ಬರು ಮುದುಕರು. ಆಗ ಊರಿನ ಪಟೇಲನು ಬಣ್ಣಗಾರನನ್ನು ಕರೆದು ಹೇಳಿದ: "ನಾಲ್ಕು ಜನರಿಗೆ ಅಷ್ಟು ದೊಡ್ಡ ಬುರುಜು ಯಾಕಪ್ಪ? ಸುಗ್ಗಿಗೆ ಮೊದಲು ಒಂದು ಸಂಜೆ ಬಂದು ನೋಡುತ್ತೇನೆ. ಜನ ಇದ್ದರೆ ಸರಿ. ಇಲ್ಲದಿದ್ದರೆ ಗೂಡು ಕೀಳಿಸಿ ಹುಲ್ಲು ತುಂಬಿಸುತ್ತೇನೆ."

ಅಂದಿನಿಂದ ಬಣ್ಣಗಾರನಿಗೆ ನೆಮ್ಮದಿ ಇಲ್ಲವಾಯಿತು. ಬುರುಜಿನ ಮೇಲೆ ನಿಂತರೂ ಅವನ ಕಣ್ಣು ಆಕಾಶದ ಕಡೆ ಹೋಗುತ್ತಿರಲಿಲ್ಲ, ಮೆಟ್ಟಿಲಿನ ಕಡೆ ಹೋಗುತ್ತಿತ್ತು. ನಾಲ್ವರೂ ಹಣ ಕೂಡಿಸಿ ಡಂಗುರದವನನ್ನು ಕರೆಸಿದರು.

ಅವನು ಎಲ್ಲವನ್ನೂ ಕೇಳಿಸಿಕೊಂಡು ನಕ್ಕ. "ಅಣ್ಣಾ, ಹಕ್ಕಿ ನೋಡೋಕೆ ಬನ್ನಿ ಅಂತ ಕೂಗಿದ್ರೆ ನನ್ನ ಗಂಟಲು ಹೋಗುತ್ತೆ, ಜನ ಬರಲ್ಲ. ತಿನ್ನೋಕೆ ಏನು ಕೊಡ್ತೀರಿ ಹೇಳಿ, ಅದನ್ನ ಕೂಗ್ತೀನಿ."

"ಮಂಡಕ್ಕಿ, ಬೆಲ್ಲ" ಎಂದ ಗಾಣಿಗ.

"ಹಾಗೆ ಹೇಳಿ ಮತ್ತೆ!"

ಅವನು ಕೂಗಿದ. ಜನ ಬಂದರು. ಮಂಡಕ್ಕಿ ತಿಂದರು, ಒಮ್ಮೆ ತಲೆ ಎತ್ತಿ ನೋಡಿದರು, ಇಳಿದು ಹೋದರು. ಮುಂದಿನ ಸಂತೆಗೆ ಮತ್ತೆ ಕೂಗಿಸಿದರು. ಮತ್ತೆ ಬಂದರು, ಮತ್ತೆ ಹೋದರು. ನಾಲ್ವರಿಗೂ ಮಂಡಕ್ಕಿ ಹಂಚುವುದೇ ಕೆಲಸವಾಯಿತು. ಹಕ್ಕಿಗಳನ್ನು ಹಾರಿಬಿಡುವುದು ಕೆಲವು ಸಂಜೆ ಮರೆತೇ ಹೋಯಿತು.

ಹಾಗೆ ಬಂದವರಲ್ಲಿ ಹೂ ಕಟ್ಟುವ ಒಬ್ಬ ಹೆಂಗಸಿದ್ದಳು. ಮಂಡಕ್ಕಿ ಮುಗಿದ ಮೇಲೂ ಅವಳು ನಿಂತಿದ್ದಳು. ಗೂಡುಗಳಿಂದ ದೂರ, ಗೋಡೆಯ ಅಂಚಿನಲ್ಲಿ ಒಂದು ಚುಕ್ಕೆ ಪಾರಿವಾಳ ಕೂತಿತ್ತು. ಅವಳು ಅದನ್ನು ತೋರಿಸಿ ಕೇಳಿದಳು: "ಅಣ್ಣಾ, ಇದು ಯಾಕೆ ಒಂದೇ ಕೂತಿದೆ?"

ಬಣ್ಣಗಾರ ಮೆಟ್ಟಿಲ ಕಡೆ ನೋಡುತ್ತ ಹೇಳಿದ: "ಆಮೇಲೆ ಹೇಳ್ತೀನಮ್ಮ. ಸ್ವಲ್ಪ ದಾರಿ ಬಿಡು, ಇನ್ನೂ ಜನ ಬರೋರಿದ್ದಾರೆ."

ಅವಳು ದಾರಿ ಬಿಟ್ಟು ನಿಂತಳು. ಮರುದಿನವೂ ಬಂದಳು, ಮತ್ತೆ ಕೇಳಿದಳು. ಮತ್ತೆ ಅದೇ ಉತ್ತರ ಸಿಕ್ಕಿತು.

ಪಟೇಲ ತಾನು ಬರುವ ದಿನವನ್ನು ಹೇಳಿ ಕಳಿಸಿದ. ಗೂಡಿನಲ್ಲಿ ಹಕ್ಕಿಗಳೂ ಕಡಿಮೆ ಕಾಣುತ್ತವೆ ಎಂದು ಬಣ್ಣಗಾರನಿಗೆ ಹೊಸ ಭಯ ಹತ್ತಿಕೊಂಡಿತು. ಉಳಿದ ಹಣಕ್ಕೆ ಬೇರೆ ಊರುಗಳ ಪಾರಿವಾಳಗಳನ್ನು ಕೊಂಡು ತಂದ.

ಪಾರಿವಾಳ ಸಾಕುವವರಲ್ಲಿ ಒಂದು ಕ್ರಮವಿದೆ. ಕೊಂಡು ತಂದ ಹಕ್ಕಿಯ ಒಂದು ರೆಕ್ಕೆಗೆ ದಾರ ಕಟ್ಟುತ್ತಾರೆ. ಅದು ಹೊಸ ಗೂಡಿನಲ್ಲಿ ಜೋಡಿಯಾಗಿ ಮೊಟ್ಟೆ ಇಡುವವರೆಗೆ ಆ ದಾರವನ್ನು ಬಿಚ್ಚುವುದಿಲ್ಲ. ಅದಕ್ಕೆ ಮೊದಲು ಬಿಚ್ಚಿದರೆ, ಎಷ್ಟು ಕಾಳು ತಿಂದಿರಲಿ, ಅದು ಬಂದ ಊರಿಗೇ ಹಾರಿ ಹೋಗುತ್ತದೆ. ಬಣ್ಣಗಾರನಿಗೆ ಇದು ಚಿಕ್ಕಂದಿನಿಂದ ಗೊತ್ತಿತ್ತು. ತಾನೇ ಎಷ್ಟೋ ಜನರಿಗೆ ಕಲಿಸಿದ್ದ.

ಹೇಳಿದ ದಿನ ಸಂಜೆ ಪಟೇಲ ಬಂದ. ಬುರುಜಿನ ತುಂಬ ಜನ. ಕೆಳಗೆ ಡಂಗುರ ಬಡಿಯುತ್ತಿತ್ತು. ಬಣ್ಣಗಾರ ಹೊಸ ಹಕ್ಕಿಗಳ ದಾರವನ್ನು ಒಂದೊಂದಾಗಿ ಬಿಚ್ಚತೊಡಗಿದ.

ಗಾಣಿಗ ಅವನ ಕೈ ಹಿಡಿದ. "ಏನು ಮಾಡ್ತಿದ್ದೀಯೋ? ಇವು ಇನ್ನೂ ಜೋಡಿಯಾಗಿಲ್ಲ."

"ಇವತ್ತೊಂದು ದಿನ ಆಕಾಶ ತುಂಬಲಿ. ನಾಳೆಯದು ನಾಳೆಗೆ."

ಆಕಾಶ ತುಂಬಿತು. ಜನ ಚಪ್ಪಾಳೆ ತಟ್ಟಿದರು. ಹಕ್ಕಿಗಳು ಬುರುಜಿಗೆ ಸುತ್ತು ಹಾಕಿದವು. ಆಮೇಲೆ ಕೆಲವು ಹೊಳೆಯ ಕಡೆ ತಿರುಗಿದವು, ಕೆಲವು ಗುಡ್ಡದ ಕಡೆ. ಡಂಗುರದ ಸದ್ದಿಗೆ ಬೆದರಿದ ಹಳೆಯ ಹಕ್ಕಿಗಳಲ್ಲೂ ಕೆಲವು ಅವುಗಳ ಹಿಂದೆ ಹೋದವು. ಆಕಾಶ ಬರಿದಾಯಿತು. ಮಂಡಕ್ಕಿಯೂ ಮುಗಿದಿತ್ತು. ಜನ ಇಳಿದು ಹೋದರು.

ಪಟೇಲ ಹೊರಡುತ್ತ ಅಂದ: "ಸುಗ್ಗಿ ಮುಗಿಯಲಿ, ಇನ್ನೊಮ್ಮೆ ಬರುತ್ತೇನೆ. ಡಂಗುರ ಇಲ್ಲದ ದಿನ ಬರುತ್ತೇನೆ."

ಬಣ್ಣಗಾರ ಬಿಚ್ಚಿದ ದಾರಗಳನ್ನು ಹಿಡಿದುಕೊಂಡು ನೆಲದ ಮೇಲೆ ಕುಳಿತುಬಿಟ್ಟ. ತನ್ನ ಜೊತೆಗೇ ಈ ಗೂಡು ಮುಗಿಯಿತು ಎಂದುಕೊಂಡ. ಎಷ್ಟೋ ಹೊತ್ತಿನ ಮೇಲೆ ತಲೆ ಎತ್ತಿದ. ಚುಕ್ಕೆ ಪಾರಿವಾಳ ಗೋಡೆಯ ಅಂಚಿನಲ್ಲೇ ಇತ್ತು. ಅದರಿಂದ ಸ್ವಲ್ಪ ದೂರದಲ್ಲಿ ಹೂ ಕಟ್ಟುವವಳು ಕೂತಿದ್ದಳು.

"ಈಗಲಾದರೂ ಹೇಳ್ತೀರಾ ಅಣ್ಣಾ?" ಎಂದಳು ಅವಳು. "ಇದು ಯಾಕೆ ಒಂದೇ ಕೂತಿದೆ?"

ಈ ಸಲ ಬಣ್ಣಗಾರ ಮೆಟ್ಟಿಲ ಕಡೆ ನೋಡಲಿಲ್ಲ. "ಇದರ ಜೋಡಿಯನ್ನ ಗಿಡುಗ ಹೊತ್ತುಕೊಂಡು ಹೋಯ್ತಮ್ಮ" ಎಂದ. "ಅವತ್ತಿಂದ ಹೀಗೇ. ಕಾಳು ಹಾಕಿದರೆ ಅರ್ಧ ತಿನ್ನುತ್ತೆ, ಅರ್ಧ ಬಿಟ್ಟು ಪಕ್ಕಕ್ಕೆ ಸರಿದು ಕೂರುತ್ತೆ."

ಅವಳು ಬಹಳ ಹೊತ್ತು ಆ ಹಕ್ಕಿಯನ್ನು ನೋಡಿದಳು. ಆಮೇಲೆ ಕೇಳಿದಳು: "ನಾಳೆ ಇದಕ್ಕೆ ನಾನು ಕಾಳು ಹಾಕಲಾ?"

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಪಟೇಲ ಮತ್ತೆ ಬಂದನೇ ಗುರುಗಳೇ?" ಎಂದ ಮಾದಯ್ಯ ಆತಂಕದಿಂದ. "ಬುರುಜು ಉಳಿಯಿತೇ? ಆಮೇಲೆ ಎಷ್ಟು ಜನ ಸೇರಿದರು?"

ಗುರುಗಳು ಬಾಗಿಲ ಬಳಿಯ ಖಾಲಿ ಜಾಗವನ್ನು ನೋಡಿ ಕೇಳಿದರು:

"ಕಳೆದ ವಾರ ಅಲ್ಲಿ ಕೂತಿದ್ದವರು ನಿನ್ನನ್ನು ಏನು ಕೇಳಿದ್ದರು, ಮಾದಯ್ಯ?"