ಶಿವಮಲ್ಲು ಬಿಟ್ಟುಬಂದ ಸಲಿಕೆ

ಶಿವಮಲ್ಲು ಬಿಸಿಲುಸೀಮೆಯವನು. ಗುರುಗಳ ಹಿಂದೆ ಹಿಮಾಲಯಕ್ಕೆ ಬಂದು ಮೂರು ಚಳಿಗಾಲ ಕಳೆದಿದ್ದ. ವೇದಾಂತ ಅಷ್ಟಿಷ್ಟು ತಲೆಗೆ ಹತ್ತಿತ್ತು. ಹಿಮದ ಹೆದರಿಕೆ ಮಾತ್ರ ಒಂದು ಚೂರೂ ಇಳಿದಿರಲಿಲ್ಲ.

ಹೆದರದೆ ಏನು ಮಾಡಿಯಾನು, ಪಾಪ! ಹೋದ ವರ್ಷ ಎದುರು ಬೆಟ್ಟದ ಹಿಮ ಜಾರಿ ಹನ್ನೊಂದು ಕುರಿಗಳನ್ನು ಮುಚ್ಚಿಹಾಕಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ಕುರಿ ಅರಚುತ್ತಿದ್ದವು. ಮರುಕ್ಷಣ ಒಂದು ಸದ್ದೂ ಇರಲಿಲ್ಲ.

ಒಂದು ಮುಂಜಾನೆ ಆಚೆ ಹಳ್ಳಿಯ ಮಾಳಿಗೆಯ ಮೇಲೆ ಕರಿ ಬಟ್ಟೆ ಕಾಣಿಸಿತು. ಯಾರಿಗೋ ಕಾಯಿಲೆ ಜೋರಾಗಿದೆ, ಮದ್ದು ಬೇಕು ಎಂದು ಅದರರ್ಥ. ಮದ್ದು ಬಲ್ಲವರು ಗುರುಗಳೊಬ್ಬರೇ.

“ಚೀಲ ಕಟ್ಟು, ಮಲ್ಲು,” ಎಂದರು ಗುರುಗಳು. “ಬಿಸಿಲೇರಿ ಹಿಮ ಸಡಿಲಾಗೋ ಮೊದಲು ಎರಡು ಇಳಿಜಾರು ದಾಟಬೇಕು.”

ಶಿವಮಲ್ಲು ಇಳಿಜಾರಿನತ್ತ ಒಮ್ಮೆ ನೋಡಿದ.

“ಏನೇನು ಇಟ್ಟುಕೊಳ್ಳಲಿ ಬುದ್ಧಿ?”

“ಎಲ್ಲ ಚಾಪೆ ಮೇಲಿದೆ. ಹೊರೋನು ನೀನು. ಆರಿಸೋನೂ ನೀನೇ.”

ಅದು ಆ ಆಶ್ರಮದ ಪದ್ಧತಿ. ಒಬ್ಬರ ಚೀಲಕ್ಕೆ ಇನ್ನೊಬ್ಬರು ಕೈ ಹಾಕುತ್ತಿರಲಿಲ್ಲ.

ಶಿವಮಲ್ಲು ಚಾಪೆಯ ಮುಂದೆ ಕುಕ್ಕರಗಾಲಲ್ಲಿ ಕೂತ. ಒಂದೊಂದನ್ನೇ ಎತ್ತಿ, ಇದು ನನ್ನ ಜೀವ ಉಳಿಸುತ್ತದೆಯೇ ಎಂದು ತನ್ನನ್ನೇ ಕೇಳಿಕೊಂಡ. ಹಗ್ಗ ಉಳಿಸುತ್ತದೆ. ಕಂಬಳಿ ಉಳಿಸುತ್ತದೆ, ಇನ್ನೊಂದೂ ಇರಲಿ. ಹುರಿಹಿಟ್ಟು ನಾಲ್ಕು ದಿನಕ್ಕಾಗುವಷ್ಟು. ಹಿಮದಲ್ಲಿ ಹೂಳದೆ ನಡೆಯಲು ಕಾಲಿಗೆ ಕಟ್ಟುವ ಉದ್ದ ಹಲಿಗೆಗಳ ಅಡಿಗೆ ಹೊಸ ಮೇಕೆ ಚರ್ಮ ಬಿಗಿದ. ಹಿಂದಕ್ಕೆ ಜಾರಬಾರದಲ್ಲ!

ಕೆಂಪು ದಾರದ ಉಂಡೆಯನ್ನಂತೂ ಕಣ್ಣಿಗೊತ್ತಿಕೊಂಡ. ಅದರ ತುದಿಯನ್ನು ಸೊಂಟಕ್ಕೆ ಕಟ್ಟಿ ಉಳಿದದ್ದನ್ನು ಹಿಂದೆ ಬಿಟ್ಟು ನಡೆಯಬೇಕು. ಮನುಷ್ಯ ಹಿಮದಲ್ಲಿ ಹೂತರೂ ಹಗುರವಾದ ದಾರ ಮೇಲೆ ಕಾಣುತ್ತದೆ.

ಕೊನೆಗೆ ಉಳಿದದ್ದು ಮೋಟು ಹಿಡಿಯ ಸಲಿಕೆ. ಎತ್ತಿ ನೋಡಿದ. ಒಳ್ಳೇ ಭಾರ.

ನಾನೇ ಹಿಮದಡಿ ಹೂತರೆ ನನ್ನ ಬೆನ್ನ ಮೇಲಿನ ಸಲಿಕೆ ನನಗೆ ಯಾವ ಕರ್ಮಕ್ಕೆ? ಹಾಗೆಂದುಕೊಂಡು ಅದನ್ನು ಬಾಗಿಲ ಹಿಂದೆ ಒರಗಿಸಿಬಿಟ್ಟ.

ಹೊರಡುವಾಗ ಗುರುಗಳು ತಮ್ಮ ಚೀಲ ಬೆನ್ನಿಗೇರಿಸಿ, ಅವನ ಚೀಲವನ್ನು ಒಮ್ಮೆ ಎತ್ತಿ ಇಳಿಸಿದರು. ಅವನ ಮುಖ ನೋಡಿದರು. ಬಾಗಿಲು ದಾಟಿ ಹೊರಟರು.

ಮೊದಲ ಇಳಿಜಾರಿನ ಅಂಚಿಗೆ ಬಂದಾಗ ಬೆಳಕು ಚೆನ್ನಾಗಿ ಹರಿದಿತ್ತು. ಇಬ್ಬರೂ ಒಟ್ಟಿಗೆ ಕಾಲಿಡುವಂತಿಲ್ಲ. ಒಬ್ಬ ದಾಟಬೇಕು, ಇನ್ನೊಬ್ಬ ಬಂಡೆಯ ಮರೆಯಲ್ಲಿ ನಿಂತು ಕಣ್ಣು ಕೀಳದೆ ಅವನನ್ನೇ ನೋಡಬೇಕು.

“ನೀನು ಮೊದಲು ಹೋಗು,” ಎಂದರು ಗುರುಗಳು. “ನಾನು ನೋಡ್ತಿರ್ತೀನಿ.”

ಶಿವಮಲ್ಲು ಒಂದು ಹೆಜ್ಜೆ ಇಟ್ಟ. ಕಾಲಡಿಯ ಹಿಮ ಗುಮ್ಮೆಂದಿತು. ತಟ್ಟನೆ ಹಿಂದಕ್ಕೆ ಬಂದ.

“ನನ್ನ ಕೈಲಾಗಲ್ಲ ಬುದ್ಧಿ. ನಿಮ್ಮ ದಮ್ಮಯ್ಯ, ನೀವೇ ಮೊದಲು ಹೋಗಿ.”

ಗುರುಗಳು ಆಚೆ ಮಾಳಿಗೆಯ ಕರಿ ಬಟ್ಟೆಯತ್ತ ನೋಡಿದರು. ತಮ್ಮ ಕೆಂಪು ದಾರವನ್ನು ಸೊಂಟಕ್ಕೆ ಬಿಗಿದು ಹೊರಟೇಬಿಟ್ಟರು.

ಅರ್ಧ ದಾರಿ ಹೋಗಿದ್ದರು. ಮೇಲೆಲ್ಲೋ ಬಟ್ಟೆ ಹರಿದಂಥ ಸದ್ದಾಯಿತು.

ಶಿವಮಲ್ಲು ಕಣ್ಣು ಮುಚ್ಚಿಕೊಂಡ. ನೋಡಲೇಬೇಕಾದ ಹೊತ್ತಿನಲ್ಲಿ ಕಣ್ಣು ಮುಚ್ಚಿದ, ನೋಡಿ ಆ ಹೆದರಿಕೆಯ ಹಣೆಬರಹ!

ಕಣ್ಣು ಬಿಟ್ಟಾಗ ಗುರುಗಳಿರಲಿಲ್ಲ. ಇಳಿಜಾರಿನ ತುಂಬ ಹಿಮದ ಹೆಂಟೆಗಳು. ಒಂದು ಸದ್ದೂ ಇಲ್ಲ.

“ಬುದ್ಧೀ!” ಎಂದು ಕೂಗಿದ.

ಬಿದ್ದು ಎದ್ದು ಕೆಳಗಿಳಿದ. ಎಲ್ಲಿ ಹುಡುಕುವುದು? ಎಲ್ಲ ಕಡೆ ಅದೇ ಬಿಳುಪು. ಮೇಲೆ ಇನ್ನೂ ಜಾರದೆ ನಿಂತ ಹಿಮವಿತ್ತು. ಓಡಿಹೋಗು ಎಂದಿತು ಜೀವ. ನಿಜ ಹೇಳಬೇಕೆಂದರೆ ಎರಡು ಹೆಜ್ಜೆ ಓಡಿಯೂಬಿಟ್ಟ.

ಆಗ ಕಣ್ಣಿಗೆ ಬಿತ್ತು, ಗೇಣುದ್ದದ ಕೆಂಪು ದಾರ.

ದಾರ ಹಿಡಿದು ಎಳೆಯುತ್ತ ಹೋದ. ಒಂದು ಕಡೆ ಅದು ನೇರ ಕೆಳಕ್ಕಿಳಿದಿತ್ತು. ಚೀಲ ಬಿಚ್ಚಿ ಸುರಿದ. ಕಂಬಳಿ ಬಿತ್ತು. ಇನ್ನೊಂದು ಕಂಬಳಿ ಬಿತ್ತು. ಹುರಿಹಿಟ್ಟು ಚೆಲ್ಲಿತು.

“ಅಯ್ಯೋ, ನಾನೆಂಥ ಪಾಪಿ!”

ಜಾರಿ ನಿಂತ ಹಿಮ ಕಲ್ಲಿನಂತೆ ಗಟ್ಟಿಯಾಗುತ್ತದೆ. ಅದನ್ನು ಬರಿಗೈಯಲ್ಲಿ ಬಗೆದ. ಉಗುರು ಮುರಿದವು, ರಕ್ತ ಬಂತು. ಒಳಗಿರುವವರಿಗೆ ಉಸಿರು ಎಷ್ಟು ಹೊತ್ತಿಗಾಗುತ್ತದೆ? ಆ ಲೆಕ್ಕ ಹಾಕಲು ಅವನಿಗೆ ಧೈರ್ಯ ಬರಲಿಲ್ಲ. ಅಳುತ್ತಲೇ ಬಗೆದ.

ಮೊಣಕೈ ಆಳದಲ್ಲಿ ಏನೋ ತಣ್ಣಗೆ ತಗುಲಿತು. ಕಬ್ಬಿಣ. ಗುರುಗಳ ಚೀಲಕ್ಕೆ ಕಟ್ಟಿದ್ದ ಸಲಿಕೆ.

ಗಂಟು ಬಿಚ್ಚಲು ಬೆರಳು ಬಗ್ಗಲಿಲ್ಲ. ಹಲ್ಲಿನಿಂದ ಬಿಚ್ಚಿದ. ಅದೇ ಸಲಿಕೆಯಿಂದ ಅಗೆದು ಗುರುಗಳ ತಲೆಯ ಸುತ್ತಲ ಹಿಮ ಬಿಡಿಸಿದ.

ಗುರುಗಳು ಎರಡೂ ಕೈ ಬಾಯಿಗೆ ಅಡ್ಡ ಹಿಡಿದಿದ್ದರು. ತುಟಿ ನೀಲಿಯಾಗಿತ್ತು. ಒಮ್ಮೆ ಕೆಮ್ಮಿದರು. ಉಸಿರಾಡಿದರು.

ಶಿವಮಲ್ಲು ಅವರ ಮೇಲೆ ಬಿದ್ದು ಹೋ ಎಂದು ಅತ್ತ.

ಅವರನ್ನು ಮೇಲೆತ್ತಿ, ಎರಡೂ ಕಂಬಳಿ ಹೊದಿಸಿ, ಬಂಡೆಯ ಮರೆಗೆ ತಂದು ಕೂರಿಸಿದ. ನಡುಕ ನಿಲ್ಲಲು ಬಹಳ ಹೊತ್ತು ಹಿಡಿಯಿತು. ಇಬ್ಬರದೂ.

“ಸಲಿಕೆ ಬಿಟ್ಟುಬಂದೆ ಬುದ್ಧಿ. ನನ್ನ ಬೆನ್ನ ಮೇಲಿನ ಸಲಿಕೆ ನನಗೇನೂ ಆಗಲ್ಲ ಅಂದುಕೊಂಡೆ.”

“ಸರಿಯಾಗೇ ಅಂದುಕೊಂಡೆ. ಹೊತ್ತವನಿಗೆ ಅದು ಆಗಲ್ಲ.”

“ಚೀಲ ಎತ್ತಿ ನೋಡಿದಿರಿ. ಗೊತ್ತಾಗಲಿಲ್ವಾ?”

“ಗೊತ್ತಾಯ್ತು.”

“ಹಂಗಿದ್ದೂ ಮೊದಲು ಹೋದಿರಾ!”

“ಆ ಮನೇಲಿ ಕಾಯಿಲೆಯವರು ಕಾಯ್ತಿದ್ದಾರೆ. ನಿನಗೆ ಕಾಲು ಬರಲಿಲ್ಲ. ಇನ್ನೇನು ಮಾಡಲಿ?”

ಶಿವಮಲ್ಲು ತಲೆ ತಗ್ಗಿಸಿ ಸಲಿಕೆಗೆ ಹತ್ತಿದ ಹಿಮ ಒರೆಸಿದ.

ಗುರುಗಳು ಮದ್ದಿನ ಗಂಟು ತಡವಿ ನೋಡಿದರು. ಭದ್ರವಾಗಿತ್ತು. ಬಂಡೆ ಹಿಡಿದು ಎದ್ದರು. ಹಿಮ ಬಹುಪಾಲು ಜಾರಿಹೋಗಿದ್ದ ಆ ಮೊದಲ ಇಳಿಜಾರನ್ನು ಇಬ್ಬರೂ ಮೆಲ್ಲಗೆ ದಾಟಿದರು. ಆಮೇಲೆ ಎರಡನೆಯದು ಎದುರಾಯಿತು. ಅದರ ಹಿಮ ಇನ್ನೂ ಅಲುಗಿರಲಿಲ್ಲ. ಮೇಲ್ತುದಿಗೆ ಬಿಸಿಲು ತಾಕತೊಡಗಿತ್ತು.

ಶಿವಮಲ್ಲು ಸಲಿಕೆಯನ್ನು ಎದೆಗವಚಿಕೊಂಡು ನಿಂತಿದ್ದ.

“ಇರೋದು ಒಂದೇ ಸಲಿಕೆ. ಈಗ ಮೊದಲು ಯಾರು ಹೋಗೋದು ಬುದ್ಧಿ?”

“ಸಲಿಕೆ ಬಿಟ್ಟುಕೊಟ್ಟವನು.”

ಶಿವಮಲ್ಲು ಇಳಿಜಾರನ್ನು ನೋಡಿದ. ಹೆದರಿಕೆ ಎಲ್ಲಿಗೂ ಹೋಗಿರಲಿಲ್ಲ. ಸಲಿಕೆ ಮುಂದೆ ಚಾಚಿದರೂ ಬೆರಳು ಬಿಡಲೊಲ್ಲವು. ಒಂದೊಂದಾಗಿ ಬಿಡಿಸಿ ಗುರುಗಳ ಕೈಗಿಟ್ಟ. ಸೊಂಟಕ್ಕೆ ಕೆಂಪು ದಾರ ಕಟ್ಟಿಕೊಂಡು ಹಿಮಕ್ಕೆ ಕಾಲಿಟ್ಟ.

ಎರಡು ಹೆಜ್ಜೆಗೇ ನಿಂತು ತಿರುಗಿದ.

“ಬುದ್ಧಿ, ನಾನು ಆಚೆ ಸೇರಿದ ಮೇಲೆ ನೀವು ಬರಬೇಕಲ್ಲ. ಸಲಿಕೆ ನಿಮ್ಮ ಬೆನ್ನ ಮೇಲೇ ಇರುತ್ತೆ. ಮತ್ತೆ ಹಿಮ ಜಾರಿದರೆ ನಿಮ್ಮನ್ನ ತೆಗೆಯೋಕೆ ನನ್ನ ಹತ್ತಿರ ಏನಿರುತ್ತೆ?”

ಗುರುಗಳು ಅವನ ಕೈ ನೋಡಿದರು. ಉಗುರುಸಂದಿಯಲ್ಲಿ ರಕ್ತ ಹೆಪ್ಪುಗಟ್ಟಿತ್ತು.

“ಆಗ ಏನಿತ್ತೋ ಅದೇ,” ಎಂದರು.