ಒಂದು ಬೀಡಿ ಹಿಂದಿನ ಬೆಂಕಿ

ಆಲೆಮನೆಯಲ್ಲಿ ಒಲೆಗೆ ಉರಿ ಹಾಕುವ ಚಿಕ್ಕಣ್ಣನ ಹೆಂಡತಿ ಸೋಮವಾರ ತೀರಿಕೊಂಡಳು. ಗುರುವಾರ ಅವನು ಕೆಲಸಕ್ಕೆ ಬಂದ. ಅಷ್ಟರಲ್ಲಿ ಯಜಮಾನ ಸಿದ್ದೇಗೌಡರು ಬೆಲ್ಲದ ಕೊಪ್ಪರಿಗೆಗೆ ಮುಳ್ಳಿನ ಥರ್ಮಾಮೀಟರ್ ಹಾಕಿಸಿ, ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತಿದ್ದರು. ಮುಳ್ಳು ಇಳಿದರೆ "ಉರಿ ಹಾಕು", ಏರಿದರೆ "ಉರಿ ತೆಗಿ" ಎಂದು ಅಪ್ಪಣೆ. ಮಧ್ಯಾಹ್ನದೊಳಗೆ ಎರಡು ಪಾಕ ಸೀದುಹೋದವು. ಬೈಗುಳವೆಲ್ಲ ಚಿಕ್ಕಣ್ಣನಿಗೆ.

ಮೂರನೆಯ ಪಾಕಕ್ಕೆ, ಗೌಡರು ಬಾಯಿ ತೆರೆಯುವ ಮೊದಲೇ ಅವನು ಉರಿಯನ್ನೆಲ್ಲ ಹೊರಗೆಳೆದು ಬೀಡಿ ಹಚ್ಚಿದ. ಗೌಡರು ಹೌಹಾರಿದರು.

"ಮುಳ್ಳು ಎತ್ಲಾಗೆ ಹೋಯ್ತದೆ ನೋಡ್ತಿರಿ ಗೌಡ್ರೇ."

ಒಲೆಯಲ್ಲಿ ಬೆಂಕಿಯಿಲ್ಲ, ಮುಳ್ಳು ಮಾತ್ರ ಏರುತ್ತಲೇ ಇತ್ತು. ಬೀಡಿ ಮುಗಿಯುವ ಹೊತ್ತಿಗೆ ನಿಂತಿತು. ಪಾಕ ಹದವಾಗಿತ್ತು.

"ನೀವು ಅದ್ರಲ್ಲಿ ನೋಡೋದು ಈಗಿನ ಬೆಂಕೀನಲ್ಲ, ಒಂದು ಬೀಡಿ ಹಿಂದಿನ ಬೆಂಕೀನ," ಎಂದ.

ಗೌಡರ ಮುಖ ಸಪ್ಪಗಾಯಿತು. ಆದರೆ ಸೋತ ಬಾಯಿ ಸುಮ್ಮನಿರಲಿಲ್ಲ. "ಎಲ್ಲಾ ತಿಳ್ದೋನು ನೀನು. ಹೆಂಡ್ತಿ ಸತ್ತು ಮೂರು ದಿನ ಆಯ್ತು, ನಿನ್ನ ಕಣ್ಣಲ್ಲಿ ಒಂದು ಹನಿ ನೀರು ಕಾಣ್ಲಿಲ್ವಲ್ಲೋ."

ಚಿಕ್ಕಣ್ಣ ಆರಿದ ಒಲೆಯನ್ನೇ ನೋಡುತ್ತಿದ್ದ.

"ಅದು ಸೋಮವಾರದ ಬೆಂಕಿ ಗೌಡ್ರೇ. ಮುಳ್ಳು ಇನ್ನೂ ಏರ್ತಾನೇ ಅದೆ."