ಸೆಕೆಂಡಿನ ಎರಡು ಸಾವಿರ ತುಂಡು

"ಮಾಸ್ತರ್ರ, ಹಾರೋ ಹಕ್ಕಿ ರೆಕ್ಕಿ ಚಿತ್ರದಾಗ ಅಲುಗದಂಗ ನಿಂದ್ರಬೇಕಂದ್ರ ಶಟರ್ ಎಷ್ಟಕ್ಕ ಇಡಬೇಕ್ರೀ?"

ಕೇಳಿದವನು ಫಕೀರೇಶ. ಎರಡು ವರ್ಷದಿಂದ ಗುರುಬಸಪ್ಪ ಮಾಸ್ತರರ ಹತ್ತಿರ ಕ್ಯಾಮೆರಾ ಕಲಿಯುತ್ತಿದ್ದ ಶಿಷ್ಯ. ಗುಡ್ಡದ ಬದಿಯಲ್ಲಿ ಅವನಿಗೆ ಒಂದು ಟಿಟ್ಟಿಭ ಹಕ್ಕಿಯ ಗೂಡು ಸಿಕ್ಕಿತ್ತು. ಬೆಳಗಿನಿಂದ ಅಲ್ಲೇ ಇದ್ದು, ಊಟವನ್ನೂ ಮಾಡದೆ ನೇರವಾಗಿ ಮಾಸ್ತರರ ಮನೆಗೆ ಬಂದಿದ್ದ. ತೆಗೆದ ನಾನೂರು ಚಿತ್ರಗಳಲ್ಲಿ ಒಂದೂ ಅವನಿಗೆ ಒಪ್ಪಿಗೆಯಾಗಿರಲಿಲ್ಲ. ಎಲ್ಲದರಲ್ಲೂ ರೆಕ್ಕೆ ಮಸುಕು. ಕ್ಯಾಮೆರಾದ ಕಣ್ಣು ಸೆಕೆಂಡಿನ ಸಾವಿರದಲ್ಲಿ ಒಂದು ಪಾಲು ತೆರೆದರೆ ಸಾಕೋ, ಎರಡು ಸಾವಿರದಲ್ಲಿ ಒಂದು ಪಾಲು ಬೇಕೋ ಎಂದು ಯೋಚಿಸಿ ಯೋಚಿಸಿ ತಲೆ ಕೆಟ್ಟುಹೋಗಿತ್ತು. ನಾಳೆ ಮತ್ತೆ ಅದೇ ಗೂಡಿಗೆ ಹೋಗುವವನಿದ್ದ.

ಮಾಸ್ತರರು ಕ್ಯಾಮೆರಾ ಇಸಿದುಕೊಂಡು ಒಂದೊಂದೇ ಚಿತ್ರ ನೋಡಿದರು. ನೋಡುತ್ತ ಹೋದಂತೆ ಅವರ ಮುಖ ಬಿಗಿಯಿತು. ಪೂರ್ತಿ ನೋಡುವ ಮೊದಲೇ ಅದನ್ನು ಬಂದ್ ಮಾಡಿ ಪಕ್ಕಕ್ಕಿಟ್ಟರು.

"ಹೇಳ್ತೀನಿ, ಕುಂಡ್ರು," ಅಂದರು. "ಮೊದಲ ಒಂದು ಕತಿ ಕೇಳು."

ಅವರು ಹೇಳಿದ ಕತೆ ಇದು.

ಒಬ್ಬ ರೈತನಿದ್ದ. ಬೇಸಿಗೆಯ ಕೊನೆಗೆ, ಮಳೆ ಬೀಳುವ ಮುಂಚೆ, ಕುಂಟೆ ಹೂಡಿ ಹೊಲ ಹರಗುತ್ತಿದ್ದ. ಎತ್ತುಗಳ ಕಾಲ ಬುಡದಿಂದ ಒಂದು ಟಿಟ್ಟಿಭ ಕಿರುಚಿಕೊಂಡು ಎದ್ದಿತು. ರೈತ ಎತ್ತು ನಿಲ್ಲಿಸಿ ಬಗ್ಗಿ ನೋಡಿದ. ಬರಿ ನೆಲದ ಮೇಲೆ ಹರಳುಗಳ ನಡುವೆ ನಾಲ್ಕು ಮೊಟ್ಟೆ ಇದ್ದವು. ಹರಳಿಗೂ ಮೊಟ್ಟೆಗೂ ಬಣ್ಣ ಒಂದೇ. ಇನ್ನೆರಡು ಹೆಜ್ಜೆ ಮುಂದೆ ಹೋಗಿದ್ದರೆ ನಾಲ್ಕೂ ಕುಂಟೆಯ ಕೆಳಗೆ ಸಿಕ್ಕುತ್ತಿದ್ದವು.

ರೈತ ಎತ್ತುಗಳನ್ನು ಪಕ್ಕಕ್ಕೆ ಹೊರಳಿಸಿದ. ಮೊಟ್ಟೆಗಳ ಸುತ್ತ ಮಲಗುವ ಹೊರಸಿನಷ್ಟು ಜಾಗ ಬಿಟ್ಟು ಉಳಿದ ಹೊಲವನ್ನೆಲ್ಲ ಹರಗಿದ. ಗುರುತಿಗೆಂದು ನಾಲ್ಕು ಮೂಲೆಗೆ ನಾಲ್ಕು ಕಲ್ಲಿಟ್ಟ. ಬಾಜೂ ಹೊಲದವರು ನಕ್ಕರು. ಹಕ್ಕಿಗೆ ಪಾಲು ಕೊಟ್ಟಿದ್ದೀಯಲ್ಲ, ಹೊಲದ ಉತಾರದ ಕಾಗದದಲ್ಲಿ ಅದರ ಹೆಸರನ್ನೂ ಏರಿಸಿಬಿಡು ಎಂದು ಚೇಷ್ಟೆ ಮಾಡಿದರು. ರೈತ ತಾನೂ ನಕ್ಕ. ಆದರೆ ಕುರಿಯವರನ್ನು ಆ ಕಡೆ ಸುಳಿಯಗೊಡಲಿಲ್ಲ. ದಿನವೂ ಹಿಂದೆ ಬರುತ್ತಿದ್ದ ನಾಯಿಯನ್ನು ಮನೆಯಲ್ಲೇ ಕಟ್ಟಿಹಾಕಿದ. ಇಪ್ಪತ್ತು ದಿನ ಕಣ್ಣಲ್ಲಿ ಕಣ್ಣಿಟ್ಟು ಕಾದ. ಇನ್ನೊಂದು ವಾರ ಕಳೆದರೆ ಮರಿಗಳು ಹೊರಬೀಳುತ್ತವೆ ಎಂದು ಅವನ ಅಂದಾಜು.

ಹೀಗೆ ಕಾಯುತ್ತ ಅವನು ಒಂದು ಸಂಗತಿ ಕಂಡುಕೊಂಡಿದ್ದ. ಬಿಸಿಲು ನೆತ್ತಿಗೇರಿದ ಮೇಲೆ ಹಕ್ಕಿ ಮೊಟ್ಟೆಗಳ ಮೇಲಿರುವುದು ಕಾವು ಕೊಡಲಿಕ್ಕಲ್ಲ, ನೆರಳು ಮಾಡಲಿಕ್ಕೆ. ಗಂಡು ಹೆಣ್ಣು ಎರಡೂ ಸರದಿಯ ಮೇಲೆ ಹಳ್ಳಕ್ಕೆ ಹೋಗಿ ಹೊಟ್ಟೆಯ ಗರಿ ತೋಯಿಸಿಕೊಂಡು ಬರುತ್ತಿದ್ದವು. ಬಂದು ಮೊಟ್ಟೆಗಳ ಮೇಲೆ ನಿಂತರೆ ಗರಿಯಿಂದ ನೀರು ಹನಿ ಹನಿಯಾಗಿ ಇಳಿಯುತ್ತಿತ್ತು. ಕಾಲಿಡಲಾರದಷ್ಟು ನೆಲ ಕಾದಿರುವಾಗ ಆ ನಾಲ್ಕು ಮೊಟ್ಟೆ ತಣ್ಣಗಿರುತ್ತಿದ್ದವು. ಇದನ್ನು ಕಂಡು ರೈತನಿಗೆ ಹಿಡಿಸಲಾರದಷ್ಟು ಖುಷಿಯಾಯಿತು. ಸಂತೆಗೆ ಹೋದಾಗ ನಾಲ್ಕು ಜನರ ಮುಂದೆ ಹೇಳಿಕೊಂಡ. ಹೇಳಬಾರದಿತ್ತು.

ಮಾತು ಒಬ್ಬ ವ್ಯಾಪಾರಿಯ ಕಿವಿಗೆ ಬಿತ್ತು. ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟವನು. ಅವನಿಗೆ ಹಕ್ಕಿಗಳ ಚಿತ್ರ ತೆಗೆಯುವ ಹುಚ್ಚು. ತೋಳಿನುದ್ದದ ಲೆನ್ಸ್ ಇಟ್ಟುಕೊಂಡಿದ್ದ. ಹಕ್ಕಿಯ ಹೊಟ್ಟೆಯಿಂದ ಮೊಟ್ಟೆಯ ಮೇಲೆ ಬೀಳುವ ಹನಿ ಗಾಳಿಯಲ್ಲೇ ನಿಂತ ಹಾಗೆ ಒಂದು ಚಿತ್ರ ತೆಗೆಯಬೇಕೆಂದು ಅವನಿಗೆ ಆಸೆಯಾಯಿತು. ಅಂಥ ಚಿತ್ರ ನಡುಮಧ್ಯಾಹ್ನ ಬಿಟ್ಟು ಬೇರೆ ಹೊತ್ತಿನಲ್ಲಿ ಸಿಗುವುದಿಲ್ಲ.

ಅವನನ್ನು ಕೆಟ್ಟವನೆನ್ನುವಂತಿಲ್ಲ. ಸಿಟ್ಟು ಬರುವುದೇ ಅದಕ್ಕೆ. ಅವನು ಗಾಡಿಯನ್ನು ದೂರದಲ್ಲೇ ನಿಲ್ಲಿಸಿ ನಡೆದು ಬಂದ. ರೈತನ ಅಪ್ಪಣೆ ಕೇಳಿದ. ಹಕ್ಕಿ ಬೆದರದಿರಲೆಂದು ಮಣ್ಣಿನ ಬಣ್ಣದ ಅಂಗಿ ತೊಟ್ಟಿದ್ದ. ಮೊಬೈಲ್ ಬಂದ್ ಮಾಡಿದ. ಗೂಡಿಗೆ ಕೈ ಹಚ್ಚುವುದಿಲ್ಲ ಎಂದು ಮಾತು ಕೊಟ್ಟ, ಕೊನೆಯವರೆಗೂ ಹಚ್ಚಲಿಲ್ಲ. ಹತ್ತು ನಿಮಿಷ ಸಾಕು ಎಂದ. ಇಷ್ಟು ಮರ್ಯಾದೆಯ ಮನುಷ್ಯನಿಗೆ ಇಲ್ಲವೆನ್ನುವುದು ಹೇಗೆ ಎಂದು ರೈತ ಹೂಂ ಅಂದ. ಕುಂಟೆಯ ರಿಪೇರಿ ಇತ್ತು. ಅದನ್ನು ಹೊತ್ತುಕೊಂಡು ಊರೊಳಗೆ ಬಡಿಗೇರನ ಮನೆಗೆ ಹೋದ.

ವ್ಯಾಪಾರಿ ಗೂಡಿನಿಂದ ಹನ್ನೆರಡು ಹೆಜ್ಜೆ ದೂರದಲ್ಲಿ ಚಾಪೆ ಹಾಸಿ ಬೋರಲು ಮಲಗಿದ. ಕಣ್ಣಿಗೆ ಕ್ಯಾಮೆರಾ ಹಚ್ಚಿದ. ಹಕ್ಕಿ ಎದ್ದುಹೋಯಿತು.

ಸ್ವಲ್ಪ ಹೊತ್ತಿಗೆ ಅದು ತಿರುಗಿ ಬಂದು ಗೂಡಿನ ಹತ್ತಿರ ಇಳಿಯಿತು. ಲೆನ್ಸ್ ಅದರ ಕಡೆ ಹೊರಳಿತು, ಅದು ಮತ್ತೆ ಎದ್ದಿತು. ವ್ಯಾಪಾರಿ ತೆಗೆದದ್ದನ್ನು ನೋಡಿಕೊಂಡ. ರೆಕ್ಕೆ ಮಸುಕಾಗಿತ್ತು. ಶಟರನ್ನು ಐದು ನೂರರಿಂದ ಸಾವಿರಕ್ಕೆ ಏರಿಸಿದ. ಮುಂದಿನ ಚಿತ್ರ ಕಪ್ಪಾಯಿತು. ಬೆಳಕು ಒಳಗೆ ಬರಲೆಂದು ಲೆನ್ಸಿನ ಕಿಂಡಿಯಾದ ಅಪರ್ಚರ್ ದೊಡ್ಡದು ಮಾಡಿದ. ಕಣ್ಣು ಚೊಕ್ಕಟವಾಗಿ ಬಂತು, ಬಾಲ ಕಲಸಿಹೋಯಿತು. ಅಪರ್ಚರ್ ಸಣ್ಣದು ಮಾಡಿ, ಕಡಿಮೆ ಬೆಳಕಿಗೂ ಚಿತ್ರ ಮೂಡಲೆಂದು ಐಎಸ್‌ಒ ಏರಿಸಿದ. ಚಿತ್ರದ ತುಂಬ ರವೆ ಚೆಲ್ಲಿದಂತೆ ಕಾಳು ಎದ್ದವು. ಐಎಸ್‌ಒ ಇಳಿಸಿದ. ಬಿಳಿ ಆಕಾಶಕ್ಕೆ ಹೊಂದಿಸಿದರೆ ಹಕ್ಕಿ ಕಪ್ಪು, ಹಕ್ಕಿಗೆ ಹೊಂದಿಸಿದರೆ ಆಕಾಶ ಸುಣ್ಣ ಬಳಿದ ಗೋಡೆ. ಅವನು ಮಾಡಿದ ಒಂದೊಂದು ಬದಲಾವಣೆಗೂ ಒಳ್ಳೆಯ ಕಾರಣವಿತ್ತು. ಕಲಿತದ್ದರಲ್ಲಿ ಒಂದನ್ನೂ ಅವನು ಮರೆತಿರಲಿಲ್ಲ.

ಹಕ್ಕಿ ಅವನ ನೆತ್ತಿಯ ಮೇಲೆ ಸುತ್ತುತ್ತ ಗಂಟಲು ಹರಿಯುವಂತೆ ಕೂಗುತ್ತಿತ್ತು. ಅವನಿಗೆ ಕೇಳಿಸಲಿಲ್ಲವೆಂದಲ್ಲ. ಚೆನ್ನಾಗಿ ಕೇಳಿಸಿತು. ಕೂಗು ಯಾವ ಕಡೆಯಿಂದ ಬರುತ್ತಿದೆ ಎಂದು ನೋಡಿ ಲೆನ್ಸನ್ನು ಆ ಕಡೆ ತಿರುಗಿಸಿದ. ಹಳ್ಳದಿಂದ ನೀರು ತಂದ ಇನ್ನೊಂದು ಹಕ್ಕಿ ಕೆಳಗಿಳಿಯಲಾರದೆ ಬದುವಿನ ಮೇಲೆ ನಿಂತುಕೊಂಡಿತು. ಅದರ ಹೊಟ್ಟೆಯ ಗರಿ ಅಲ್ಲಿಯೇ ಆರಿಹೋಯಿತು. ಅದು ಮತ್ತೆ ಹಳ್ಳಕ್ಕೆ ಹೋಯಿತು, ಮತ್ತೆ ತೋಯಿಸಿಕೊಂಡು ಬಂತು, ಮತ್ತೆ ಬದುವಿನ ಮೇಲೆ ನಿಂತಿತು. ವ್ಯಾಪಾರಿ ಅದರದೂ ಚಿತ್ರ ತೆಗೆದ.

ಬಡಿಗೇರ ಮನೆಯಲ್ಲಿರಲಿಲ್ಲ. ಅವನು ಬರುವವರೆಗೆ ಕಾದು, ಕೆಲಸ ಮುಗಿಸಿಕೊಂಡು ರೈತ ಹೊಲದ ಹಾದಿ ಹಿಡಿದ. ಹಕ್ಕಿಯ ಕೂಗು ಅವನಿಗೆ ದೂರದಿಂದಲೇ ಕೇಳಿಸಿತು. ಹೆಗಲ ಮೇಲಿದ್ದ ಕುಂಟೆಯನ್ನು ದಾರಿಯಲ್ಲೇ ಇಳಿಸಿ ಓಡಿ ಬಂದ. ವ್ಯಾಪಾರಿ ಮಲಗಿದಲ್ಲೇ ಮಲಗಿದ್ದ. ಮೊಟ್ಟೆಗಳು ಬಿಸಿಲಿನಲ್ಲಿ ಹಾಗೇ ಬಿದ್ದಿದ್ದವು.

"ಹಕ್ಕಿ ಎದ್ದು ಎಷ್ಟೊತ್ತಾತ್ರೀ ಸಾವ್ಕಾರ್ರ?" ಎಂದು ರೈತ ಕೇಳಿದ.

"ಈಗ ಎದ್ದೈತ್ರೀ. ಒಂದು ಹತ್ತು ಮಿನಿಟ್ ಆಗಿರಬೇಕು," ಅಂದ ವ್ಯಾಪಾರಿ.

ಅವನು ಸುಳ್ಳು ಹೇಳಲಿಲ್ಲ. ಅವನಿಗೆ ಹಾಗೆಯೇ ಅನಿಸಿತ್ತು. ರೈತ ಮಂಡಿಯೂರಿ ಬೆರಳಿನ ಹಿಂಬದಿಯಿಂದ ಒಂದು ಮೊಟ್ಟೆಯನ್ನು ಮುಟ್ಟಿದ. ಕುದಿಯುವ ನೀರಿನಿಂದ ತೆಗೆದ ಹಾಗೆ ಸುಟ್ಟಿತು. ಉಳಿದ ಮೂರನ್ನೂ ಮುಟ್ಟಿದ. ಅವೂ ಹಾಗೆಯೇ ಇದ್ದವು.

ವ್ಯಾಪಾರಿ ಎದ್ದು ಬಂದು ಕ್ಯಾಮೆರಾ ತೋರಿಸತೊಡಗಿದ. ತಾನು ಪಟ್ಟ ಪಾಡು ಈ ಮನುಷ್ಯನಿಗೂ ತಿಳಿಯಲಿ ಎಂದು ಅವನಿಗೆ ಹುರುಪು. ಇದು ಸಾವಿರದಲ್ಲಿ ತೆಗೆದದ್ದು, ಇದು ಎರಡು ಸಾವಿರದಲ್ಲಿ, ಈಗ ಎಲ್ಲ ಹದಕ್ಕೆ ಬಂದಿದೆ, ಇನ್ನು ಹಕ್ಕಿ ಬಂದು ನಿಂತರಾಯಿತು ಎಂದು ಒಂದೊಂದಾಗಿ ವಿವರಿಸಿದ. ಎರಡು ಸಾವಿರ ಅಂದರೆ ಏನು ಎಂದು ರೈತ ಕೇಳಿದ್ದಕ್ಕೆ, ಒಂದು ಸೆಕೆಂಡನ್ನು ಎರಡು ಸಾವಿರ ತುಂಡು ಮಾಡಿದರೆ ಅದರಲ್ಲಿ ಒಂದು ತುಂಡು ಎಂದು ಬಿಡಿಸಿ ಹೇಳಿದ. ಪ್ರತಿ ಚಿತ್ರದ ಮೂಲೆಯಲ್ಲಿ ತೆಗೆದ ಹೊತ್ತೂ ಇತ್ತು. ಉಳಿದ ಅಂಕಿಗಳು ರೈತನಿಗೆ ತಿಳಿಯಲಿಲ್ಲ, ಗಡಿಯಾರ ತಿಳಿಯಿತು. ಹಕ್ಕಿ ಗೂಡಿನಿಂದ ಏಳುತ್ತಿರುವ ಮೊದಲ ಚಿತ್ರದಲ್ಲಿ ಹನ್ನೊಂದು ನಲವತ್ತು. ಕೊನೆಯದರಲ್ಲಿ ಒಂದು ಐವತ್ತು. ನಡುವೆ ಆರು ನೂರು ಚಿತ್ರ. ಒಂದರಲ್ಲಾದರೂ ಹಕ್ಕಿ ಮೊಟ್ಟೆಗಳ ಮೇಲಿರಲಿಲ್ಲ.

ರೈತನ ಮೈಯೆಲ್ಲ ಉರಿದುಹೋಯಿತು. ಹೂಂ ಅಂದವನು ತಾನೇ ಎಂಬುದು ನೆನಪಾಗಿ ಇನ್ನಷ್ಟು ಉರಿಯಿತು.

"ಒಂದು ಸೆಕೆಂಡಿನಾಗ ಎರಡು ಸಾವಿರ ತುಂಡು ಮಾಡ್ತೀರಿ," ಅಂದ. "ಎರಡು ತಾಸು ಹೋಗಿದ್ದು ನಿಮಗ ಗೊತ್ತಾಗಲಿಲ್ಲೇನ್ರೀ?"

ವ್ಯಾಪಾರಿ ಗಾಬರಿಯಾದ. "ನಾ ಗೂಡಿಗೆ ಕೈ ಹಚ್ಚಿಲ್ರೀ," ಅಂದ.

ಅದು ಖರೆಯೇ ಆಗಿತ್ತು. ಹಚ್ಚಿದ್ದರೆ ರೈತ ಅವನ ಕೊರಳಪಟ್ಟಿ ಹಿಡಿಯುತ್ತಿದ್ದ. ಈಗ ಯಾವುದನ್ನು ಹಿಡಿಯಬೇಕೋ ತಿಳಿಯದೆ, ತೋಳು ಹಿಡಿದು ಅವನನ್ನು ಬದುವಿನ ಆಚೆಗೆ ಕರೆದುಕೊಂಡು ಹೋದ.

ಅವರು ದೂರವಾದದ್ದೇ ತಡ, ತೊಯ್ದ ಹೊಟ್ಟೆಯ ಹಕ್ಕಿ ಕೆಳಗಿಳಿಯಿತು. ಓಡೋಡಿ ಬಂದು ಮೊಟ್ಟೆಗಳ ಮೇಲೆ ನಿಂತಿತು. ಗರಿಯಿಂದ ನೀರು ಹನಿಯತೊಡಗಿತು. ರೈತನ ಪಕ್ಕದಲ್ಲಿ ಕ್ಯಾಮೆರಾ ಸದ್ದು ಮಾಡಿತು. ಕೈ ಹಿಡಿಯಬೇಕೆಂದು ರೈತ ತಿರುಗುವಷ್ಟರಲ್ಲಿ ಮುಗಿದಿತ್ತು. ಅಷ್ಟು ಸಣ್ಣ ತುಂಡು ಹೊತ್ತಿನಲ್ಲಿ ಯಾರು ಯಾರ ಕೈ ಹಿಡಿದಾರು. ಚಿತ್ರ ಬಹಳ ಚೆನ್ನಾಗಿ ಬಂತು. ಹಕ್ಕಿಯ ಕಣ್ಣು, ಮೊಟ್ಟೆಯ ಮೇಲಿನ ಚುಕ್ಕೆ, ನಡುವೆ ಗಾಳಿಯಲ್ಲಿ ನಿಂತ ಮೂರು ಹನಿ, ಎಲ್ಲವೂ ಸ್ಪಷ್ಟವಾಗಿದ್ದವು.

ಒಂದು ವಾರ ಕಳೆಯಿತು. ಮರಿ ಬರಲಿಲ್ಲ. ಹಕ್ಕಿಗಳು ಸರದಿ ಬಿಡಲಿಲ್ಲ. ಎರಡನೆಯ ವಾರವೂ ನೀರು ತಂದವು, ಹನಿಸಿದವು, ನೆರಳು ಮಾಡಿ ನಿಂತವು. ಮಳೆ ಬಿದ್ದಿತು. ರೈತ ಆ ಹೊರಸಿನಷ್ಟು ಜಾಗ ಬಿಟ್ಟು ಬಿತ್ತಿದ. ಮೊಟ್ಟೆಗಳನ್ನು ಎತ್ತಿ ಬಿಸಾಡಿದರೆ ಹಕ್ಕಿಗಳ ದುಡಿಮೆಯಾದರೂ ತಪ್ಪೀತು ಎಂದು ಎರಡು ಸಲ ಹತ್ತಿರ ಹೋದ. ಎರಡು ಸಲವೂ ಹಕ್ಕಿ ರೆಕ್ಕೆ ಬಿಚ್ಚಿಕೊಂಡು ಅವನ ಮೇಲೆಯೇ ಏರಿ ಬಂತು. ಅವನು ವಾಪಸು ಬಂದು ಬದುವಿನ ಮೇಲೆ ಕೂತು ಅತ್ತ. ಒಂದು ಮುಂಜಾನೆ ಹಕ್ಕಿಗಳು ಇರಲಿಲ್ಲ. ಆಮೇಲೆ ಬರಲೂ ಇಲ್ಲ.

ಚಿತ್ರಕ್ಕೆ ಪೇಟೆಯ ಪ್ರದರ್ಶನದಲ್ಲಿ ಬಹುಮಾನ ಬಂತು. ಅದಕ್ಕೆ 'ತಾಯಿ ತಂದ ತಂಪು' ಎಂದು ಹೆಸರಿಟ್ಟಿದ್ದರು. ಕೆಳಗಿನ ಚೀಟಿಯಲ್ಲಿ ಶಟರ್ ಎಷ್ಟು, ಅಪರ್ಚರ್ ಎಷ್ಟು, ಐಎಸ್‌ಒ ಎಷ್ಟು ಎಂದು ಬರೆದಿತ್ತು. ಕಲಿಯುವ ಹುಡುಗರು ಸಾಲಾಗಿ ನಿಂತು ಆ ಅಂಕಿಗಳನ್ನು ಬರೆದುಕೊಂಡರು. ಹೆಂಗಸರು ಕಣ್ಣು ಒರೆಸಿಕೊಂಡರು. ಚಿತ್ರದಲ್ಲಿ ಮೊಟ್ಟೆಗಳು ಮುದ್ದಾಗಿ ಕಾಣುತ್ತಿದ್ದವು. ಒಳಗೆ ಸತ್ತದ್ದು ಹೊರಗೆ ಕಾಣುವ ಹಾಗೆ ಹೊಂದಿಸಲು ಯಾವ ಕ್ಯಾಮೆರಾದಲ್ಲೂ ಗುಂಡಿ ಇಲ್ಲ.

ಮಾಸ್ತರರು ಇಲ್ಲಿಗೆ ಕತೆ ನಿಲ್ಲಿಸಿದರು. ಹೇಳುತ್ತ ಹೇಳುತ್ತ ಅವರ ದನಿ ಏರಿತ್ತು.

ಫಕೀರೇಶ ತಲೆ ತಗ್ಗಿಸಿ ಕೂತಿದ್ದ. ಪಾಪ ಅನಿಸಿತು. ನಿಜವಾಗಿಯೂ ಅನಿಸಿತು. ಆದರೆ ಬೆಳಗಿನಿಂದ ತಲೆಯಲ್ಲಿ ಕೊರೆಯುತ್ತಿದ್ದದ್ದು ಇನ್ನೂ ಹಾಗೇ ಇತ್ತು. ಕೇಳಿಯೇಬಿಟ್ಟ.

"ಹಂಗಾದ್ರ ಮಾಸ್ತರ್ರ, ಎರಡು ಸಾವಿರಕ್ಕ ಇಟ್ರ ಹನೀನ ನಿಂತಾವ. ರೆಕ್ಕಿಗೂ ಅಷ್ಟ ಸಾಕಲ್ರೀ?"

ಮಾಸ್ತರರು ಅವನ ಮುಖವನ್ನೇ ನೋಡಿದರು. ಕ್ಯಾಮೆರಾ ಎತ್ತಿ ಅವನ ಮಡಿಲಿಗೆ ಹಾಕಿದರು.

"ನೀ ಅಲ್ಲಿಂದ ಎದ್ದು ಬರೋವಾಗ ಹಕ್ಕಿ ತತ್ತಿ ಮ್ಯಾಲ ಕುಂತಿತ್ತೇನು?" ಅಂದರು.

ಫಕೀರೇಶ ಅದನ್ನು ನೋಡಿರಲಿಲ್ಲ.